ಆಕಳಿಕೆ ಅತ್ತೆಯ ಕಿರೀಟಗಳು

ಮಕ್ಕಳ ಹಲ್ಲಿನ ಆಸ್ಪತ್ರೆಯ ಸಹಾಯಕಿ ಆಕಳಿಸಿದರೆ ಎದುರಿನ ಗಡಿಯಾರದ ಮುಳ್ಳುಗಳೂ ಮೈಮುರಿಯುತ್ತಿದ್ದವಂತೆ. ಒಮ್ಮೆ ಕಾಯುವ ಕೋಣೆಯ ಹನ್ನೊಂದು ಜನರೂ, ಬಾಗಿಲ ಕಾವಲಿನವನೂ, ತೊಟ್ಟಿಯ ಕೆಂಪು ಮೀನೂ ಒಟ್ಟಿಗೇ ಬಾಯಿ ತೆರೆದಿದ್ದವಂತೆ. ಮೀನಿನ ಬಾಯಿ ಯಾವಾಗಲೂ ತೆರೆದೇ ಇರುತ್ತದಲ್ಲ ಎಂದು ತಕರಾರು ತೆಗೆಯುವವರಿಗೆ ಬೇರೆ ಕೆಲಸವಿಲ್ಲ. ಮಕ್ಕಳು ಅವಳಿಗಿಟ್ಟ ಹೆಸರು ಆಕಳಿಕೆ ಅತ್ತೆ. ಅವಳನ್ನು ನೋಡಿ ಮಗುವೂ ಆಕಳಿಸಬೇಕು, ಆ ಸಂದಿನಲ್ಲಿ ಡಾಕ್ಟರಮ್ಮ ಹುಳುಕು ಹಾಲುಹಲ್ಲಿಗೆ ಸ್ಟೀಲಿನ ಕ್ಯಾಪು, ಅಂದರೆ ಕಿರೀಟ, ತೊಡಿಸಬೇಕು. ಇಪ್ಪತ್ತೆರಡು ವರ್ಷಗಳ ಪಟ್ಟಾಭಿಷೇಕಗಳೆಲ್ಲ ನಡೆದದ್ದು ಹೀಗೇ.

ಆ ಮಧ್ಯಾಹ್ನ ಕುರ್ಚಿಯಲ್ಲಿದ್ದ ಐದು ವರ್ಷದ ಪುಟ್ಟಿ ಮಾತ್ರ ಕೋಟೆಯ ಬಾಗಿಲು ಹಾಕಿ ಕೂತಿದ್ದಳು. ಹಲ್ಲುಗಳ ನಡುವೆ ಕಿರೀಟಕ್ಕೆ ಜಾಗ ಮಾಡಲು ಸಿಕ್ಕಿಸಿದ್ದ ರಬ್ಬರ್ ಉಂಗುರಗಳು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ಉದುರಿದ್ದವು. ಇಂದು ಬಿಟ್ಟರೆ ಆ ಜಾಗ ಮುಚ್ಚಿಹೋಗುತ್ತದೆ. ಈಗಾಗಲೇ ಎರಡು ಸಲ ಅವಳು ಕಿರೀಟ ಹಾಕಿಸಿಕೊಳ್ಳದೆ ವಾಪಸಾಗಿದ್ದಳು.

"ಇವತ್ತೂ ಆಗದಿದ್ರೆ ದೊಡ್ಡಾಸ್ಪತ್ರೇಲಿ ಮಂಪರು ಕೊಟ್ಟೇ ಮಾಡಿಸ್ಬೇಕಮ್ಮ," ಎಂದರು ಡಾಕ್ಟರಮ್ಮ. ಪುಟ್ಟಿಯ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ಎಲ್ಲರ ಕಣ್ಣೂ ಅತ್ತೆಯ ಮೇಲೆ. ಅವಳೋ ನಿನ್ನೆ ರಜೆಯೆಂದು ಹಗಲಿಡೀ ನಿದ್ದೆ ಹೊಡೆದು ಬಂದಿದ್ದಳು. ಎಷ್ಟು ತಿಣುಕಿದರೂ ಆಕಳಿಕೆ ಬರಲೊಲ್ಲದು. ಕೊನೆಗೆ ಬಾಯಿ ಅಗಲಿಸಿ 'ಆ' ಎಂದಳು.

"ಸುಳ್ಳು," ಎಂದಳು ಪುಟ್ಟಿ, ಹಲ್ಲು ಕಚ್ಚಿಕೊಂಡೇ.

ಮಾನ ಹೋಯಿತು. ಅತ್ತೆ ಸ್ಟೂಲಿನ ಮೇಲೆ ಕುಸಿದಳು. ನೀಲಿ ಪರದೆಯಿಂದ ಬೆಳಕು ನೀರಿನ ಹಾಗೆ ನೆಲಕ್ಕೆ ಸೋರುತ್ತಿತ್ತು. ಫ್ಯಾನು ಗುಂಯ್ ಎನ್ನುತ್ತಿತ್ತು.

"ಆಯ್ತು ಬಿಡು, ಬಾಯಿ ತೆಗೀಬೇಡ," ಎಂದಳು ಅತ್ತೆ. "ಈ ಹಲ್ಲಿನ ಕೆಳಗೆ ಒಂದು ದೊಡ್ಡ ಹಲ್ಲು ಮಲಗಿದೆ ಕಂದ. ಇನ್ನೂ ಐದಾರು ವರ್ಷ ಏಳಲ್ಲ. ಅಲ್ಲೀವರೆಗೂ ಮೇಲಿಂದು ಅದರ ಜಾಗ ಕಾಯ್ಬೇಕು."

"ಏನು ಹೊದ್ಕೊಂಡಿದೆ?"

"ನಿನ್ನ ವಸಡೇ ಕಂಬಳಿ. ಬೆಚ್ಚಗೆ... ಕತ್ತಲು... ಮೆತ್ತಗೆ..."

"ಕನಸು ಬೀಳತ್ತಾ?"

"ಬೀಳ್ದೆ ಏನು? ನೀನು ತಿಂದಿದ್ದೆಲ್ಲ ಅದಕ್ಕೆ ಕನಸಲ್ಲಿ..."

ಅತ್ತೆಯ ಮಾತು ನಡುವೆಯೇ ತೇಲಿಹೋಯಿತು. ಗೋಡೆಗಳು ಅಲೆಯಾದವು, ಕುರ್ಚಿ ದೋಣಿಯಾಯಿತು, ಎಲ್ಲೋ ಆಳದಲ್ಲಿ ಬೆಳ್ಳಗಿನದೊಂದು ಮಗ್ಗುಲು ಬದಲಿಸಿತು. ಅವಳ ಕಾಲ ಹೆಬ್ಬೆರಳಿನಿಂದ ಹೊರಟ ಆಕಳಿಕೆ ಮೊಣಕಾಲು, ಸೊಂಟ, ಭುಜ ದಾಟಿ ಮೆರವಣಿಗೆಯಲ್ಲಿ ಬಂದು ಬಾಯಿ ತಲುಪಿತು. ತಾಯಿ ಆಕಳಿಸಿದಳು. ಡಾಕ್ಟರಮ್ಮನ ಮಾಸ್ಕ್ ಒಳಸರಿಯಿತು. ಆಮೇಲೆ, ನಿಧಾನವಾಗಿ, ಕೋಟೆಯ ಬಾಗಿಲು.

ನಾಲ್ಕನೇ ನಂಬರಿನ ಕಿರೀಟ ಅಳತೆಗೆ ಸರಿಯಾಗಿ ಕೂತಿತು.

"ನೋವೇ ಆಗ್ಲಿಲ್ವಲ್ಲ!" ಎಂದ ಪುಟ್ಟಿ ಅಂಟು ಹಾಕುವಾಗ ತಾನಾಗಿಯೇ ಬಾಯಿ ತೆರೆದಳು. ಹತ್ತಿ ಕಚ್ಚಿದಳು. ಕಿರೀಟ ಟಕ್ ಎಂದು ಭದ್ರವಾಯಿತು.

ತಾಯಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ಮಗೂನ ಉಳಿಸಿಕೊಟ್ರಿ. ಯಾವ ಗುರುಗಳ ಹತ್ರ ಕಲಿತ್ರಿ ಈ ವಿದ್ಯೆ?"

ಅತ್ತೆ ಕಣ್ಣುಜ್ಜಿಕೊಂಡಳು.

"ವಿದ್ಯೆನೂ ಇಲ್ಲ, ಗಿದ್ಯೆನೂ ಇಲ್ಲಮ್ಮ. ಹೊಟ್ಟೆ ತುಂಬ ಉಂಡಿದ್ದೆ. ನಿದ್ದೆ ಬಂತು."