ನಾಲ್ಕನೇ ಹಾಸಿಗೆಯ ಲಕ್ಷ್ಮೀಕಾಂತಮ್ಮ

ಲಕ್ಷ್ಮೀಕಾಂತಮ್ಮನ ಎದೆಯ ಸದ್ದು ಕೇಳಿ ಪಾಸಾದ ಡಾಕ್ಟರುಗಳು ಇವತ್ತು ಆಂಧ್ರದ ಊರೂರಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ದಾರೆ. ನನ್ನ ಎದೆಯ ಸದ್ದು ಕೇಳಿ ಪಾಸಾದವರೂ ಇದ್ದಾರೆ, ಆದರೆ ಕಡಿಮೆ. ಯಾರಿಗೆ ಎಷ್ಟು ಜನ ಎಂದು ನನಗೆ ಬಾಯಿಪಾಠ. ಏಳು ವರ್ಷ ಅದನ್ನೇ ಎಣಿಸಿಕೊಂಡು ಹೊಟ್ಟೆ ಉರಿಸಿಕೊಂಡವಳು ನಾನು.

ನನ್ನ ಹೆಸರು ಪದ್ಮಾ, ಊರು ತುಮಕೂರು. ನನ್ನ ಯಜಮಾನರು ದಿನಕರ, ಬ್ಯಾಂಕಿನಲ್ಲಿ ಗುಮಾಸ್ತರು. ೧೯೮೩ರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿ, ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದೆವು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ನೋವು ಬಂದು ಹೋದದ್ದನ್ನು ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಅದು ಹೃದಯದ ಒಂದು ಕವಾಟವನ್ನು ಕಿರಿದು ಮಾಡಿ ಹೋಗಿತ್ತು. ಅಲ್ಲಿನ ಒಂದು ದೊಡ್ಡಾಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಿದ್ದೆ. ಒಂದು ದಿನ ಅಲ್ಲಿನ ಡಾಕ್ಟರ್ ಜಗನ್ಮೋಹನ್, "ಅಮ್ಮಾ, ನಮ್ಮ ಹುಡುಗರ ಪರೀಕ್ಷೆಗೆ ಬರುತ್ತೀರಾ?" ಎಂದು ಕೇಳಿದರು.

ಡಾಕ್ಟರಾಗುವವರ ಕೊನೆಯ ಪರೀಕ್ಷೆಯಲ್ಲಿ ಪ್ರಶ್ನೆ ಅಂದರೆ ಕಾಯಿಲೆಯವರೇ. ಏಪ್ರಿಲ್ ಬಂತೆಂದರೆ ಸಿಸ್ಟರ್ ಗಂಗಾಭವಾನಿ ನಮಗೆಲ್ಲ ಕಾರ್ಡು ಬರೆಯುತ್ತಿದ್ದರು. ಲಿವರಿನವರು, ಕಿಡ್ನಿಯವರು, ಟಿ.ಬಿ. ಶ್ವಾಸಕೋಶದವರು, ಸಕ್ಕರೆ ಕಾಯಿಲೆಗೆ ಕಾಲಿನ ಸ್ಪರ್ಶ ಹೋದವರು, ಹೀಗೆ ಹನ್ನೆರಡು ಜನ ಹನ್ನೆರಡು ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಪ್ರತಿ ಹಾಸಿಗೆಗೆ ಒಬ್ಬ ಹುಡುಗನೋ ಹುಡುಗಿಯೋ ನಡುಗುತ್ತಾ ಬಂದು ಮುಟ್ಟಿ, ತಟ್ಟಿ, ಕೇಳಿ, ಇಂಥ ಕಾಯಿಲೆ ಎಂದು ಪರೀಕ್ಷಕರಿಗೆ ಹೇಳಬೇಕು. ನಮ್ಮ ಕಾಯಿಲೆಯ ಹೆಸರು ನಮಗೆ ಗೊತ್ತಿದ್ದರೂ ಬಾಯಿ ಬಿಡುವಂತಿಲ್ಲ. ಮನೆಯಲ್ಲಿ ನಾನು ಬರೀ ಸುಸ್ತಿನ ಹೆಂಗಸು. ಅಲ್ಲಿ ನಾನೊಂದು ಕೇಸು! ಅದರ ಹೆಮ್ಮೆ ನಿಮಗೆ ಹೇಳಿದರೆ ತಿಳಿಯುವುದಿಲ್ಲ.

ಆದರೆ ನನ್ನದು ಐದನೇ ಹಾಸಿಗೆ. ನಾಲ್ಕನೆಯದರಲ್ಲಿ ಅವಳು. ಎದುರಿಗೆ 'ಲಕ್ಷ್ಮೀಕಾಂತಮ್ಮಗಾರು' ಎನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಅವಳು, ಇವಳು.

ಅನಕಾಪಲ್ಲಿಯ ಬೆಲ್ಲದ ಮಂಡಿಯಲ್ಲಿ ಅಚ್ಚುಗಳನ್ನು ಎಲೆ ಸುತ್ತಿ ಜೋಡಿಸುವ ಕೆಲಸ ಅವಳದು. ಗಂಡ ಇಲ್ಲ, ಭ್ರಮರಾಂಬ ಅಂತ ಒಬ್ಬಳೇ ಮಗಳು. ನನ್ನದೇ ಕಾಯಿಲೆ, ಅದೇ ಕವಾಟ. ನನ್ನ ಸದ್ದು ಹುಡುಕಿದರೆ ಸಿಕ್ಕೀತು ಅನ್ನುವ ಹಾಗಿದ್ದರೆ, ಅವಳದು ಬಾಗಿಲು ತೆರೆದೊಡನೆ ಎದುರಿಗೆ ಬಂದು ನಿಲ್ಲುವಂಥದ್ದು. "ಪುಸ್ತಕದಲ್ಲಿ ಬರೆದ ಹಾಗೇ ಇದೆ, ಬನ್ನಿ ಕೇಳಿ" ಎಂದು ಪ್ರೊಫೆಸರುಗಳು ಬೇರೆ ವಾರ್ಡಿನವರನ್ನೂ ಕರೆತರುತ್ತಿದ್ದರು. ಅವಳ ಸುತ್ತ ಇಪ್ಪತ್ತು ಜನ ಬಿಳಿ ಕೋಟಿನವರು, ನನ್ನ ಹತ್ತಿರ ಕಿವಿಯೊಳಗೆ ಸ್ಟೆತಾಸ್ಕೋಪು ಒತ್ತಿಕೊಂಡು ಬೆವರುವ ಒಬ್ಬ. ಕಾಯಿಲೆಯಲ್ಲೂ ಸೋಲಬೇಕೇ ಎಂದು ನನಗೆ ಅಳುವೇ ಬರುತ್ತಿತ್ತು.

ಸಾಮಾಜಿಕ ಆರೋಗ್ಯದ ಪರೀಕ್ಷೆಯಲ್ಲೂ ಅವಳದೇ ಮೆರೆದಾಟ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ, ಕಿಟಕಿ ಎಷ್ಟು, ಮಕ್ಕಳಿಗೆ ಗಂಟಲು ನೋವು ಬಂದರೆ ಏನು ಮಾಡುತ್ತೀರಿ ಎಂದು ಹುಡುಗರು ಕೇಳಬೇಕಿತ್ತು. ಮರೆತವರಿಗೆ ಇವಳೇ ತಾನಾಗಿ, "ಚಿಕ್ಕಂದಿನಲ್ಲಿ ನಮ್ಮ ಒಂದೇ ಕೋಣೇಲಿ ಏಳು ಜನ ಇದ್ವಿ ನಾಯನಾ, ಒಬ್ಬರಿಗೆ ಗಂಟಲು ಬಂದ್ರೆ ಎಲ್ಲರಿಗೂ" ಎಂದು ಶುರು ಮಾಡುತ್ತಿದ್ದಳು. ಅವಳ ದೊಡ್ಡ ಗುಟ್ಟು ಇನ್ನೊಂದಿತ್ತು. ಈ ಕಾಯಿಲೆಯ ಸದ್ದು ಸರಿಯಾಗಿ ಕೇಳಬೇಕಾದರೆ ಎಡಮಗ್ಗುಲಿಗೆ ತಿರುಗಿಸಿ, ಉಸಿರು ಬಿಟ್ಟು ಹಿಡಿದುಕೊಳ್ಳಲು ಹೇಳಬೇಕು. ಗಾಬರಿಯಲ್ಲಿ ಹುಡುಗರು ಅದನ್ನೇ ಮರೆಯುತ್ತಿದ್ದರು. ಆಗ ಇವಳು ಬೆನ್ನು ನೋಯುತ್ತದೆ ಅನ್ನುವಂತೆ 'ಅಮ್ಮಾ' ಎಂದು ನರಳಿ ಎಡಕ್ಕೆ ಹೊರಳಿ, ಉಸಿರು ಬಿಟ್ಟು ಸುಮ್ಮನಾಗುತ್ತಿದ್ದಳು. ಹುಡುಗನ ಮುಖ ಅರಳುತ್ತಿತ್ತು. ನಾನು ಪಕ್ಕದ ಹಾಸಿಗೆಯಿಂದ ಎಲ್ಲ ನೋಡುತ್ತಿದ್ದೆ.

೧೯೯೦ರಲ್ಲಿ ಹೊರಗಿನ ಪರೀಕ್ಷಕರು ಬೆಂಗಳೂರಿನವರು ಬಂದರು. ನಾನು ಕನ್ನಡದಲ್ಲಿ ನಮಸ್ಕಾರ ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

"ಯಾವೂರಮ್ಮ ನಿಮ್ದು? ಇಲ್ಲಿ ಎಲ್ಲಾ ಚೆನ್ನಾಗಿ ನೋಡ್ಕೋತಾರಾ?"

"ತುಮ್ಕೂರು ಸಾರ್. ನೋಡ್ಕೋತಾರೆ. ಆದ್ರೆ ಒಂದ್ ಮಾತು, ನೀವು ತಪ್ಪು ತಿಳ್ಕೋಬಾರ್ದು. ಆ ನಾಕನೇ ಬೆಡ್ಡಿನವ್ರು ಇದಾರಲ್ಲ, ಹುಡುಗ್ರು ಕೇಳ್ದೇ ಇದ್ರೂ ಅವ್ರೇ ಮಗ್ಗುಲಿಗೆ ತಿರುಗ್ತಾರೆ. ಪಾಪ, ಕಷ್ಟಪಟ್ಟು ಓದಿದೋರಿಗೆ ಅನ್ಯಾಯ ಅಲ್ವಾ ಸಾರ್?"

ನ್ಯಾಯವಂತೆ, ನ್ಯಾಯ! ನನ್ನ ನಾಲಿಗೆಗೆ ಆ ಶಬ್ದ ಅವತ್ತು ಎಲ್ಲಿಂದ ಬಂತೋ. ಪರೀಕ್ಷಕರು ಎದ್ದು ನಾಲ್ಕನೇ ಹಾಸಿಗೆಯ ಹಿಂದೆ ಹೋಗಿ ನಿಂತರು. ಸೂರ್ಯಪ್ರಕಾಶ ಅನ್ನುವ ಬಡಕಲು ಹುಡುಗ ಪರೀಕ್ಷೆ ಮಾಡುತ್ತಿದ್ದ. 'ಎಡಕ್ಕೆ ತಿರುಗಿ' ಎಂದು ಅವನು ಹೇಳಲಿಲ್ಲ. ಅವಳು 'ಅಮ್ಮಾ' ಎಂದು ಹೊರಳಿದಳು.

ಹುಡುಗ ಫೇಲಾದ. ಇನ್ನು ಮುಂದೆ ಈಕೆಯನ್ನು ಕರೆಯಬಾರದೆಂದು ಬರೆಸಿ ಹೋದರು. ಮಾರನೇ ವರ್ಷ ನಾಲ್ಕನೇ ಹಾಸಿಗೆ ನನಗೆ ಸಿಕ್ಕಿತು. ನಿಜ ಹೇಳುತ್ತೇನೆ, ಆ ದಿನ ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ.

ಅದೇ ವರ್ಷ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ನನಗೆ ಉಸಿರು ಹತ್ತುವುದು ಜಾಸ್ತಿಯಾಗುತ್ತಾ ಬಂತು. ಬಟ್ಟೆ ಹಿಂಡಿದರೆ ಕೂರಬೇಕು, ತಲೆ ಬಾಚಿಕೊಂಡರೆ ಕೂರಬೇಕು. ಆದರೂ ೧೯೯೨ರ ಏಪ್ರಿಲ್‌ನಲ್ಲಿ ಪರೀಕ್ಷೆಗೆಂದು ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋದೆ. ಅಲ್ಲಿ ಡಾಕ್ಟರ್ ಜಗನ್ಮೋಹನ್ ನನ್ನನ್ನು ಬದಿಗೆ ಕರೆದರು.

"ಮುಂದಿನ ತಿಂಗಳು ವಿಜಯವಾಡಕ್ಕೆ ಹೊರಗಿನಿಂದ ಹೃದಯದ ತಜ್ಞರು ಬರುತ್ತಾರೆ. ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಕವಾಟ ಅಗಲ ಮಾಡುತ್ತಾರೆ, ಎದೆ ಕೊಯ್ಯುವುದಿಲ್ಲ. ನಮ್ಮಿಂದ ಒಬ್ಬರನ್ನು ಮಾತ್ರ ಕಳಿಸಬಹುದು, ಖರ್ಚೆಲ್ಲ ಅವರದೇ. ನಿಜವಾಗಿ ನೋಡಿದರೆ ಲಕ್ಷ್ಮೀಕಾಂತಮ್ಮಗಾರಿಗೆ ಆಗಬೇಕು, ಅವರದು ನಿಮಗಿಂತ ಮುಂದುವರಿದಿದೆ. ಆದರೆ ಅವರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟರು. ಗಂಗಾಭವಾನಿ ನಿವೃತ್ತರಾದರು, ಹಳೆಯ ರಿಜಿಸ್ಟರೂ ಸಿಗುತ್ತಿಲ್ಲ. ನೀವು ಅಕ್ಕಪಕ್ಕ ಮಲಗುತ್ತಿದ್ದವರು, ಮನೆ ಎಲ್ಲಿ ಅಂತ ಗೊತ್ತಾ?"

ಗೊತ್ತಿತ್ತು. ಪ್ರತಿ ವರ್ಷ ಅವಳು ನನ್ನನ್ನು ಮನೆಗೆ ಕರೆಯುತ್ತಿದ್ದಳು, ಮಂಡಿಯ ಹಿಂದಿನ ಬೀದಿ, ಹಳದಿ ಗೋಡೆ, ಮಹಡಿಯ ಮೇಲೆ ಎಂದು ಗುರುತು ಹೇಳಿ.

"ಗೊತ್ತಿಲ್ಲ ಡಾಕ್ಟರ್" ಎಂದೆ.

ಜೀವದ ಆಸೆ ಎಂದು ಹೇಳಿಕೊಂಡು ಪಾರಾಗಬಹುದು. ಅದು ಅರ್ಧ ನಿಜ. ಇನ್ನರ್ಧ, ಇಲ್ಲೂ ಅವಳೇ ಮೊದಲಾ ಅನ್ನುವ ಅದೇ ಹಳೆಯ ಉರಿ.

ಬಲೂನು ನನಗಾಯಿತು. ಮೂರನೇ ದಿನ ಮನೆಗೆ ಬಂದೆ. ಹದಿನೈದು ದಿನಕ್ಕೆ ಕನಕದುರ್ಗೆಯ ಬೆಟ್ಟವನ್ನು ನಡೆದೇ ಹತ್ತಿದೆ. ಮೇಲೆ ನಿಂತು ಕೈ ಮುಗಿದರೆ ಕಣ್ಣ ಮುಂದೆ ದೇವಿ ನಿಲ್ಲಲೊಲ್ಲಳು. ಆರು ತಿಂಗಳು ಸುಮ್ಮನಿರಲು ನೋಡಿದೆ, ಆಗಲಿಲ್ಲ. ಯಜಮಾನರಿಗೆ ಎಲ್ಲ ಹೇಳಿದೆ. ಅವರು, "ಹೋಗಿ ಹೇಳ್ಬಿಟ್ಟು ಬಾ" ಎಂದರು.

ಅನಕಾಪಲ್ಲಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಹಡಿಯ ಕೋಣೆಯಲ್ಲಿ ಅವಳು ಗೋಡೆಗೆ ದಿಂಬು ಒರಗಿಸಿ ಕೂತಿದ್ದಳು. ಕಾಲು ಬಾತಿತ್ತು, ತುಟಿ ಕಪ್ಪಿಟ್ಟಿತ್ತು. ಮಗಳು ಭ್ರಮರಾಂಬ ಪಕ್ಕದಲ್ಲೇ ಸ್ಟವ್ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಲಕ್ಷ್ಮೀಕಾಂತಮ್ಮನ ಮುಖದಲ್ಲಿ ಎಷ್ಟು ಸಂತೋಷ!

"ಪದ್ಮಮ್ಮಾ! ಬಾ ತಲ್ಲೀ. ಭ್ರಮರಾ, ಕಾಫಿ ಮಾಡು. ನನ್ನಿಂದ ಒಂದು ಮಗು ಫೇಲಾಯಿತಂತೆ, ಕೇಳಿದೆಯಾ? ಆಮೇಲೆ ಯಾವ ಮುಖ ಹೊತ್ತುಕೊಂಡು ಆಸ್ಪತ್ರೆಗೆ ಹೋಗಲಿ? ಸೂಜಿಯನ್ನೂ ಬಿಟ್ಟುಬಿಟ್ಟೆ."

ನನಗೆ ಕೂರಲಾಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಪರೀಕ್ಷಕರಿಗೆ ಹೇಳಿದವಳು ನಾನೇ ಎಂದೆ. ಬಲೂನಿನ ವಿಷಯ ಹೇಳಿದೆ. ಮನೆ ಗೊತ್ತಿದ್ದೂ ಡಾಕ್ಟರಿಗೆ ಗೊತ್ತಿಲ್ಲ ಎಂದದ್ದನ್ನೂ ಹೇಳಿದೆ. ಈಗಲೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ನಡೆಯಿರಿ ಎಂದೆ.

ಭ್ರಮರಾಂಬ ಅತ್ತ ತಿರುಗಿಕೊಂಡೇ, "ಹೋದ ವಾರ ತೋರಿಸಿದ್ವಿ. ಹೃದಯದ ಒಳಗೆ ರಕ್ತ ಹೆಪ್ಪುಗಟ್ಟಿದೆಯಂತೆ. ಇನ್ನು ಬಲೂನು ಹಾಕೋ ಹಾಗಿಲ್ಲ, ಆಪರೇಷನ್ ತಡೆಯೋ ಶಕ್ತಿ ಇಲ್ಲ ಅಂದ್ರು" ಎಂದಳು.

ಲಕ್ಷ್ಮೀಕಾಂತಮ್ಮ ನನ್ನನ್ನು ಬೈಯಲಿಲ್ಲ. ಉಸಿರು ಎಳೆದುಕೊಂಡು ಒಂದೇ ಮಾತು ಕೇಳಿದಳು.

"ಮೆಟ್ಟಿಲು ಹತ್ತುವಾಗ ಎಷ್ಟು ಕಡೆ ನಿಂತೆ?"

"ಎಲ್ಲೂ ನಿಲ್ಲಲಿಲ್ಲ" ಎಂದೆ.

ಅವಳು ನನ್ನ ಕಾಲನ್ನು ನೋಡಿದಳು, ನನ್ನ ಎದೆಯನ್ನು ನೋಡಿದಳು. ಆ ನೋಟ ನನಗೆ ಹೊಸದಲ್ಲ. ಏಳು ವರ್ಷ ಐದನೇ ಹಾಸಿಗೆಯಿಂದ ನಾನು ಅವಳನ್ನು ನೋಡಿದ್ದು ಹಾಗೆಯೇ. ಅವಳ ಕಣ್ಣಿನಲ್ಲಿ ಅದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಕಾಫಿ ಬೇಡ ಭ್ರಮರಾ" ಎಂದು ಅವಳು ಮಗಳಿಗೆ ಹೇಳಿದಳು. "ಅವರು ಹೊರಟರು."