ಏಳು ನಿಮಿಷ ಕಾಯಿಸಿದ ಮೇಡಂ

ಇಪ್ಪತ್ತೊಂಬತ್ತು ವರ್ಷಗಳ ಸೇವೆಯ ನಂತರ ನಮ್ಮ ಆಸ್ಪತ್ರೆಯ ಗಣಕ ವಿಭಾಗದಿಂದ ನಿವೃತ್ತರಾಗುತ್ತಿರುವ ಮೇಡಂ ಅವರನ್ನು ರೋಗಿಗಳು ಯಾರೂ ಕಂಡವರಲ್ಲ. ಯಾರಿಗೆ ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟಾಯಿತೆಂಬ ದಾಖಲೆಗಳನ್ನು ಕಾಯುವ ಸರ್ವರುಗಳ ಉಸ್ತುವಾರಿ ಅವರದು. ಆ ವಿದ್ಯೆಯಲ್ಲಿ ಅವರಿಗೆ ಸರಿಸಾಟಿಯಾದವರನ್ನು ನಾನಂತೂ ನೋಡಿಲ್ಲ. ಯಾವ ಕೆಲಸಕ್ಕೂ ಮೊದಲು ಹಂತಗಳನ್ನು ಕಾಗದದ ಮೇಲೆ ಬರೆದು, ಎರಡು ಸಲ ಓದಿ, ಆಮೇಲಷ್ಟೇ ಕೀಲಿಮಣೆ ಮುಟ್ಟುತ್ತಿದ್ದ ಅವರನ್ನು ನಾವು ಬೆನ್ನ ಹಿಂದೆ 'ನಿಧಾನಮ್ಮ' ಎನ್ನುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು.

ನಾನು ಸೇರಿ ಎರಡು ವರ್ಷವಾಗಿದ್ದಾಗಿನ ಮಾತು. ಬೆಳಿಗ್ಗೆ ಹತ್ತೂವರೆಗೆ ಮಕ್ಕಳ ವಾರ್ಡಿನ ಹಿರಿಯ ದಾದಿ ಫೋನು ಮಾಡಿ, ಈಗಷ್ಟೇ ಬರೆದ ದಾಖಲೆಯಲ್ಲಿ ಏಳು ನಿಮಿಷ ಮುಂದಿನ ಹೊತ್ತು ಕಾಣಿಸುತ್ತಿದೆಯೆಂದರು. ಮುಖ್ಯ ಸರ್ವರಿನ ಗಡಿಯಾರ ಮುಂದೋಡಿತ್ತು. ಅದಕ್ಕೆ ಸಮಯ ಒದಗಿಸುವ ಯಂತ್ರದ ವಿಳಾಸವನ್ನು ಹಿಂದಿನ ದಿನ ತಪ್ಪಾಗಿ ಕೊಟ್ಟವನು ನಾನೇ. ಯಾರಿಗೂ ತಿಳಿಯುವ ಮೊದಲೇ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಬಿಡೋಣವೆಂದು ಆದೇಶ ಟೈಪು ಮಾಡಿಯೂ ಆಗಿತ್ತು. ಹಿಂದೆ ಬಂದು ನಿಂತಿದ್ದ ಮೇಡಂ ನನ್ನ ಮಣಿಕಟ್ಟು ಹಿಡಿದರು.

"ಕೈ ತೆಗಿಯಪ್ಪ. ಈಗ ಹಿಂದಕ್ಕೆ ತಿರುಗಿಸಿದ್ರೆ, ಇನ್ನು ಏಳು ನಿಮಿಷ ಬರೆಯೋದೆಲ್ಲ ಆಗಲೇ ಬರೆದಿರೋದಕ್ಕಿಂತ ಹಳೇದಾಗುತ್ತೆ. ಡಾಕ್ಟ್ರು ಔಷಧಿ ನಿಲ್ಲಿಸಿ ಅಂತ ಬರೀತಾರೆ, ಪರದೆ ಮೇಲೆ ಮೊದಲಿನ ಕೊಡಿ ಅನ್ನೋದೇ ಮೇಲುಳಿಯುತ್ತೆ. ಮಗುಗೆ ಮತ್ತೆ ಕೊಟ್ಟುಬಿಡ್ತಾರೆ."

ತಪ್ಪು ನನ್ನದೆಂದು ಒಪ್ಪಿಕೊಂಡೆ. ಮೇಡಂ ವಾರ್ಡುಗಳಿಗೆಲ್ಲ ಫೋನು ಮಾಡಿ, ತಾವು ತಿಳಿಸುವವರೆಗೆ ಪ್ರತಿಯೊಂದನ್ನೂ ಕಾಗದದಲ್ಲೇ ಬರೆಯಬೇಕೆಂದು ಕೇಳಿಕೊಂಡರು. ದಾಖಲೆಗಳ ಪ್ರತಿ ತೆಗೆದಿಟ್ಟು, ಡೇಟಾಬೇಸನ್ನು ಕ್ರಮವಾಗಿ ನಿಲ್ಲಿಸಿ, ವಿಳಾಸ ತಿದ್ದಿ, ಗಡಿಯಾರವನ್ನು ನಿಜ ಸಮಯಕ್ಕೆ ತಂದರು. ದಾಖಲೆಗಳ ನಕಲನ್ನು ಕಾಯುವ ಜೊತೆಯ ಸರ್ವರಿನ, ಅರ್ಧ ಸೆಕೆಂಡು ಮಾತ್ರ ಮುಂದಿದ್ದ ಗಡಿಯಾರವನ್ನು ಹಿಂದಕ್ಕೆ ಜಗ್ಗದೆ, ಅದರ ಓಟವನ್ನೇ ತುಸು ತಗ್ಗಿಸಿ, ತಾನಾಗಿ ಹೆಜ್ಜೆ ಕೂಡಲು ಬಿಟ್ಟರು. ಆಮೇಲೆ ಕೈಕಟ್ಟಿ ಕುಳಿತರು. ಕೊನೆಯ ದಾಖಲೆಯ ಮೇಲಿದ್ದ ಹೊತ್ತು ನಿಜವಾಗಿಯೂ ಬಂದು ದಾಟಿಹೋಗುವವರೆಗೆ ಡೇಟಾಬೇಸ್ ತೆರೆಯುವಂತಿರಲಿಲ್ಲ. ನಿರ್ದೇಶಕರು ಬಾಗಿಲಲ್ಲಿ ನಿಂತು, ಆಸ್ಪತ್ರೆಯೆಲ್ಲ ನಿಂತುಹೋಗಿದೆಯೆಂದು ರೇಗಿದರು. ಇನ್ನು ನಾಲ್ಕು ನಿಮಿಷವೆಂದು ಹೇಳಿ ಮೇಡಂ ಕುರ್ಚಿ ಸರಿಸಿಕೊಟ್ಟರು. ನಿರ್ದೇಶಕರು ಕುಳಿತೇಬಿಟ್ಟರು.

ಡೇಟಾಬೇಸ್ ತೆರೆದ ಮೇಲೆ ಕಾಗದದಲ್ಲಿದ್ದುದನ್ನೆಲ್ಲ ಸೇರಿಸಲಾಯಿತು. ಆ ನಡುವೆ ವೈದ್ಯರು ಒಂದು ಮಗುವಿಗೆ ಔಷಧ ನಿಲ್ಲಿಸಲು ನಿಜಕ್ಕೂ ಬರೆದಿದ್ದರಂತೆ. ಆ ಸಾಲು ಈಗ ಎಲ್ಲಕ್ಕಿಂತ ಮೇಲೆ ಇದೆಯೆಂದು ದಾದಿ ಓದಿ ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು.

ಆ ದಿನದ ಘಟನೆಯ ವರದಿಯಲ್ಲಿ ಮೇಡಂ, ಇಂಥ ಬದಲಾವಣೆಯನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ ಇಲ್ಲದಿದ್ದುದು ತಮ್ಮ ಲೋಪವೆಂದು ಬರೆದರು. ನನ್ನ ತಪ್ಪನ್ನು ತಾವೇಕೆ ಹೊತ್ತಿರೆಂದು ಕೇಳಿದೆ.

"ನಾನೂ ಒಂದ್ಸಲ ತಿರುಗಿಸಿಬಿಟ್ಟಿದ್ದೆ. ಆಗ ನನ್ನ ಕೈ ಹಿಡಿಯೋರು ಯಾರೂ ಇರಲಿಲ್ಲ," ಎಂದರು.

ಅಂದಿನಿಂದ ನಮ್ಮಲ್ಲಿ ಒಬ್ಬರೇ ಗಡಿಯಾರ ಮುಟ್ಟುವುದಿಲ್ಲ.

ಮೇಡಂ ಇನ್ನು ದಾದಿಯರಿಗೆ ಗಣಕ ಕಲಿಸುವರಂತೆ, ಮೊಮ್ಮಗಳೊಂದಿಗೆ ಈಜು ಕಲಿಯುವರಂತೆ. ಅವರ ಆರೋಗ್ಯ, ಆಯುಷ್ಯ, ಕೆಲಸದ ಹುರುಪು ಹೀಗೇ ಬಹುಕಾಲ ಇರಲೆಂದು ಹಾರೈಸುತ್ತೇನೆ. ಅವರ ಕೈಯಲ್ಲಿ ಪಳಗಿದ ಹನ್ನೊಂದು ಮಂದಿ ನಾವಿದ್ದೇವೆ. ಮೇಡಂ ನಿಶ್ಚಿಂತೆಯಿಂದ ಫೋನು ಆರಿಸಿಟ್ಟು ಕಣ್ತುಂಬ ನಿದ್ದೆ ಮಾಡಲಿ.