ಕಲ್ಲಪ್ಪನ ಕಂಬಕ್ಕೆ ಬೆಳ್ಳಿ ಬಣ್ಣ

ಮೊನ್ನೆ ಸೋಮವಾರ ಬೆಳಿಗ್ಗೆ ಎಂದಿನಂತೆ ಮಂಡಕ್ಕಿ ನೆನೆಸಿ ಹಿಂಡುತ್ತಿದ್ದೆ. ಒಂದು ಒಲೆಯ ಮೇಲೆ ಟೀ, ಇನ್ನೊಂದರ ಮೇಲೆ ಒಗ್ಗರಣೆಗೆ ಎಣ್ಣೆ. ನಡುವೆ ಅತ್ತೆಯವರ ಕಣ್ಣಿಗೆ ಡ್ರಾಪ್ಸ್ ಹಾಕಬೇಕು. (ಕೈ ತೊಳೆದುಕೊಂಡೇ ಹಾಕಿದೆ, ಗಾಬರಿಯಾಗಬೇಡಿ. ಮೆಣಸಿನಕಾಯಿ ಹೆಚ್ಚಿದ್ದು ಆಮೇಲೆ.)

ಕಣ್ಣು ಮುಚ್ಚಿಕೊಂಡೇ ಅತ್ತೆ ಕೇಳಿದರು, "ಕಂಬಕ್ಕ ಯಾವ ಬಣ್ಣ ಒಪ್ಪತೈತವ್ವಾ?"

ಯಾವ ಕಂಬ? ನಮ್ಮ ಮನೆಯಲ್ಲಿರುವುದು ಸಿಮೆಂಟಿನ ಪಿಲ್ಲರ್, ಅದಕ್ಕೆ ಕಳೆದ ವರ್ಷವೇ ಬಣ್ಣವಾಗಿದೆ.

ಅವರು ಹೇಳುತ್ತಿದ್ದದ್ದು ತಮ್ಮ ತವರೂರಿನ ಕಲ್ಲಪ್ಪನ ಗುಡಿಯ ಕಂಬಗಳ ಬಗ್ಗೆ. ಕಣ್ಣಿನ ಪೊರೆಯ ಆಪರೇಷನ್ ಸುಸೂತ್ರವಾದರೆ ಬಣ್ಣ ಹೊಡೆಸುತ್ತೇನೆಂದು ಹರಕೆ ಹೊತ್ತಿದ್ದರಂತೆ. ಆಪರೇಷನ್ ಆಯಿತು, ಕಣ್ಣು ಬಂತು. ಬಂದ ಕಣ್ಣಿನಲ್ಲಿ ದೇವರನ್ನು ನೋಡಲು ಹೋದರೆ ಮೊದಲು ಕಂಡದ್ದು ಕಂಬದ ಮೇಲಿನ ಮಸಿ. ಇಷ್ಟು ದಿನ ದೇವರು ಇಂಥ ಕತ್ತಲೆಯಲ್ಲಿ ಕೂತಿದ್ದನಲ್ಲ ಎಂದು ಅವರಿಗೆ ಸಂಕಟ. ನನಗೆ ಬೇರೆಯೇ ಸಂಕಟ. ಆ ಕಲ್ಲಿನ ಮೇಲೆ ಆಯಿಲ್ ಪೇಂಟ್?

ತಿಂಡಿ ಮುಗಿಸಿ, ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಹಿಡಿದು, ಹರಪನಹಳ್ಳಿಯಿಂದ ತೆಲಿಗಿ ಕಡೆಯ ಬಸ್ ಹತ್ತಿದೆವು. ನನ್ನ ಗಂಡ ಬರಲಿಲ್ಲ. ಅತ್ತೆ ಸೊಸೆಯ ನಡುವೆ ಬಣ್ಣದ ಮಾತು ಬಂದಾಗ ಅವರು ಸದಾ ಅರ್ಜೆಂಟ್ ಕೆಲಸದಲ್ಲಿರುತ್ತಾರೆ.

ಗುಡಿ ಚಿಕ್ಕದು, ಬಹಳ ಹಳೆಯದು. ಪುರಾತತ್ವ ಇಲಾಖೆಯ ನೀಲಿ ಬೋರ್ಡ್ ಇಲ್ಲ. ಹಾಗಾಗಿ ಯಾರು ಏನು ಬೇಕಾದರೂ ಮಾಡಬಹುದು. ಕಂಬ ಒಂದೇ ಕಲ್ಲು ಎಂದುಕೊಂಡಿದ್ದೆ. ಅಲ್ಲ. ಕೆಳಗೆ ಪೀಠ, ಅದರ ಮೇಲೆ ಉರುಟು ಕಂಬ, ಮೇಲೊಂದು ತಲೆಗಲ್ಲು, ಅದರ ಮೇಲೆ ತೊಲೆ. ನಡುವೆ ಗಾರೆಯೂ ಇಲ್ಲ, ಸಿಮೆಂಟೂ ಇಲ್ಲ. ಮೇಲಿನ ಭಾರವೇ ಎಲ್ಲವನ್ನೂ ಅದುಮಿ ನಿಲ್ಲಿಸಿದೆ. (ಬ್ರ್ಯಾಂಡೆಡ್ ಪೇಸ್ಟ್ ಹಾಕಿ ಅಂಟಿಸಿದ ನಮ್ಮ ಬಾತ್‌ರೂಮಿನ ಟೈಲ್ಸ್ ವರ್ಷ ತುಂಬುವ ಮೊದಲೇ ಬಿದ್ದವು.)

ಕಂಬದ ಸುತ್ತ ಬಳೆ ತೊಡಿಸಿದ ಹಾಗೆ ಸುತ್ತುಗಳು. ಕಲ್ಲನ್ನು ತಿರುಗಿಸುತ್ತಾ ಉಳಿ ಹಿಡಿದು, ಬುಗುರಿ ಕಡೆದ ಹಾಗೆ ಕಡೆದರಂತೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬರಬರುತ್ತಾ ಗಟ್ಟಿಯಾಗುತ್ತದೆ ಎಂದು ಎಲ್ಲೋ ಓದಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕೈಹಿಡಿದು ಎ ಬಿ ಸಿ ಬರೆಸಿದ್ದು ಇದೇ ಜಾತಿಯ ಕಲ್ಲಿನ ಬಳಪದಲ್ಲಿ. ಬರೆದದ್ದಕ್ಕಿಂತ ತಿಂದದ್ದೇ ಹೆಚ್ಚು. (ನೀವೂ ತಿಂದಿದ್ದೀರಿ, ಸುಮ್ಮನಿರಿ.)

ನನಗೊಂದು ಉಪಾಯ ಹೊಳೆಯಿತು. ಕರವಸ್ತ್ರ ಒದ್ದೆ ಮಾಡಿ ಅಂಗೈಯಗಲ ಜಾಗವನ್ನು ಮೆಲ್ಲಗೆ ಒರೆಸಿದೆ. ಎಣ್ಣೆಮಸಿ ಹೋದ ಕಡೆ ಸಾಸಿವೆಯಷ್ಟು ಸಣ್ಣ ಮಣಿಗಳ ಸಾಲು ಮೂಡಿತು. ಅದರ ಕೆಳಗೆ ಕನ್ನಡಿಯಂಥ ನುಣುಪು. ಅತ್ತೆ ಬಗ್ಗಿ ನೋಡಿದರು. ಬೆರಳಿನಿಂದ ಮಣಿಗಳನ್ನು ಸವರಿದರು. ಗೆದ್ದೆ ಎಂದುಕೊಂಡೆ.

"ಎಷ್ಟು ಸಣ್ಣ ಕೆಲಸ ಮಾಡ್ಯಾರ ನೋಡವ್ವಾ," ಎಂದರು. "ಈ ಮಣಿಗೆಲ್ಲಾ ಬೆಳ್ಳಿ ಬಣ್ಣ ಬಳದ್ರ ಎದ್ದು ಕಾಣತೈತಿ."

ಬೆಳ್ಳಿ ಬಣ್ಣ! ಅಲ್ಲಿಯವರೆಗೆ ಅವರ ಆಯ್ಕೆ ತಿಳಿಹಳದಿಯಾಗಿತ್ತು. ಹಳದಿ ಹೋಗಿ ಬೆಳ್ಳಿ ಬರಲು ಕಾರಣಳಾದವಳು ನಾನೇ. ಪೂಜಾರಿ ಕೊಟ್ರಯ್ಯನವರೂ ಬೆಳ್ಳಿಯೇ ಚೆಂದ ಎಂದರು.

ಪೇಂಟ್ ಆ ಸಣ್ಣ ಗೆರೆಗಳಲ್ಲೆಲ್ಲ ತುಂಬಿಕೊಂಡರೆ ಕೆತ್ತನೆಯೇ ಮುಚ್ಚಿಹೋಗುತ್ತದೆ, ಬಣ್ಣದ ಬದಲು ಎಲ್ಲ ಕಂಬಗಳನ್ನೂ ಹೀಗೇ ತೊಳೆದುಕೊಡೋಣ, ಅದೇ ಹರಕೆಯಾಗಲಿ ಎಂದೆ. ಅತ್ತೆ ನನ್ನನ್ನು ಪಾಪದ ಹುಡುಗಿಯನ್ನು ನೋಡುವಂತೆ ನೋಡಿದರು.

"ತೊಳೆಯೋದು ಹರಕಿ ಹೆಂಗಾಕ್ಕತಿ? ಅದು ದಿನಾ ಮಾಡೋ ಕೆಲಸ."

ಮದುವೆಯಾಗಿ ಬಂದಾಗಿನಿಂದ ಪಾತ್ರೆ, ಬಟ್ಟೆ, ಅಂಗಳ ತೊಳೆದವರ ಮಾತು.

ಹೊರಡುವಾಗ ಕೊಟ್ರಯ್ಯನವರನ್ನು ಪಕ್ಕಕ್ಕೆ ಕರೆದು ಅತ್ತೆ ಮೆಲ್ಲಗೆ ಏನೋ ಕೇಳಿದರು. ಕೇಳಿಸಿಕೊಳ್ಳಬಾರದಿತ್ತು, ಕೇಳಿಸಿತು. ಬಣ್ಣವಾದ ಮೇಲೆ ಕಂಬದ ಮೇಲೆ ಸೇವೆ ಮಾಡಿಸಿದವರ ಹೆಸರು ಬರೆಸುತ್ತಾರಲ್ಲ, ಅಲ್ಲಿ ತಮ್ಮ ಹೆಸರು ಮಾತ್ರ ಬರೆದರೆ ನಡೆಯುತ್ತದೆಯೇ ಎಂದು. ಮಾವನವರದ್ದಲ್ಲ, ಮಗನದ್ದಲ್ಲ. ನಡೆಯುತ್ತದೆ ಎಂದರು ಪೂಜಾರಿ. ಅತ್ತೆಯ ಮುಖ ನೋಡಬೇಕಿತ್ತು.

ಬಸ್ಸಿನಲ್ಲಿ ಅತ್ತೆಯವರ ಹೆಸರು ಎಲ್ಲೆಲ್ಲಿದೆ ಎಂದು ಲೆಕ್ಕ ಹಾಕಿದೆ. ನಮ್ಮ ಮನೆಯ ಗೇಟಿನ ಮೇಲಿರುವುದು ಮಾವನವರ ಹೆಸರು. ಲಗ್ನಪತ್ರಿಕೆಗಳಲ್ಲಿ ಅತ್ತೆ ಬರೀ 'ಶ್ರೀಮತಿ', ಮುಂದಿನದೆಲ್ಲ ಮಾವನವರದ್ದು. ಆಧಾರ್ ಕಾರ್ಡಿನಲ್ಲಿ ಅವರ ಹೆಸರಿದೆ, ಅದೂ ತಪ್ಪಾಗಿ. ಆ ಕಂಬ ಕಡೆದವನೂ ತನ್ನ ಹೆಸರು ಬರೆದಿಲ್ಲವಲ್ಲ ಎಂದುಕೊಂಡೆ. ಆದರೆ ಅವನಿಗೆ ಕಂಬವಾದರೂ ಇದೆ. ಅತ್ತೆಯವರಿಗೆ? ಅವರು ಮಾಡಿದ ರೊಟ್ಟಿಗಳು ಅಂದಂದೇ ಖಾಲಿಯಾದವು.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಹಳೆಯ ಕಲ್ಲಿಗೆ ಪೇಂಟ್ ಬಳಿಯಬೇಡಿ ಎನ್ನುತ್ತದೆ ಒಂದು ಪುಟ. ಹಿಂದಿನ ಕಾಲದಲ್ಲೂ ಎಷ್ಟೋ ಗುಡಿಗಳಿಗೆ ಬಣ್ಣವಿತ್ತು ಎನ್ನುತ್ತದೆ ಇನ್ನೊಂದು. ಯಾವುದನ್ನು ನಂಬಲಿ? ಹೆಸರನ್ನು ಬೇರೆ ಕಡೆ ಬರೆಸೋಣವೆಂದರೆ, ಎಲ್ಲಿ? ಹೊಸ ಗೋಡೆಯ ಮೇಲೆ ಗ್ರಾನೈಟಿನಲ್ಲಿ? ಹರಕೆ ಹೊತ್ತದ್ದು ಕಂಬಕ್ಕೆ ತಾನೇ? ಕಲ್ಲಿನ ಪರ ವಾದಿಸಿದರೆ ಅತ್ತೆಗೆ ಅನ್ಯಾಯ, ಅತ್ತೆಯ ಪರ ನಿಂತರೆ ಆ ಸಾಸಿವೆ ಮಣಿಗಳಿಗೆ.

ಸಂಜೆ ಪಕ್ಕದ ಮನೆಯ ಶಮೀಮ್ ಹಾಲಿಗೆ ಹೆಪ್ಪು ಕೇಳಿಕೊಂಡು ಬಂದರು. ನಾವು ಈ ಮನೆಗೆ ಬಂದಾಗಿನಿಂದ ಅವರೇ ನೆರೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಬಟ್ಟಲಿಗೆ ಮೊಸರು ಹಾಕುತ್ತಾ ಕಂಬ, ಬಣ್ಣ, ಹೆಸರು ಎಲ್ಲ ಹೇಳಿಕೊಂಡೆ. ಶಮೀಮ್ ಪೂರ್ತಿ ಕೇಳಿ, ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಮೆಟ್ಟಿಲಿಳಿದವರು ಗೇಟಿನ ಹತ್ತಿರ ನಿಂತು ತಿರುಗಿದರು.

"ಅಲ್ರೀ, ಇಷ್ಟು ವರ್ಷಾತು, ನಾನು ಕೇಳೇ ಇಲ್ಲ ನೋಡ್ರಿ. ನಿಮ್ಮ ಅತ್ತೇರ ಹೆಸರೇನ್ರಿ?"